ತರಗಿಗೆ ಬೆಂಕಿ ಇಡೋನನ್ನ ಬಯ್ಯೋಕೆ ಮುಂಚೆ

ಇವತ್ತು ಮಂಡ್ಯದಲ್ಲಿ ಹವಾಮಾನ ಬದಲಾವಣೆ ಬಗ್ಗೆ ಒಂದು ಸಭೆಗೆ ಹೋಗಿದ್ದೆ. ಮನೆಗೆ ಬಂದು ಊಟ ಮಾಡಿದ ಮೇಲೂ ಸಿಟ್ಟು ಇಳಿದಿಲ್ಲ. ವೇದಿಕೆ ಮೇಲಿದ್ದವರು 2021ರಲ್ಲಿ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತ ಕೊಟ್ಟ ಮಾತು, 2070ರ ಹೊತ್ತಿಗೆ ನೆಟ್ ಝೀರೋ (ಗಾಳಿಗೆ ಬಿಡೋದೂ ಗಾಳಿಯಿಂದ ವಾಪಸ್ ತೆಗೆಯೋದೂ ಸಮ) ಆಗಬೇಕು ಅನ್ನೋದನ್ನೆಲ್ಲ ಚೆನ್ನಾಗಿಯೇ ವಿವರಿಸಿದರು. ಅದರಲ್ಲಿ ನಮ್ಮ ಜಿಲ್ಲೆಯ ಪಾಲೇನು ಅಂತ ಬಂದಾಗ ಮಾತ್ರ ಹೇಳಿದ್ದು ಒಂದೇ: ರೈತರು ಕಬ್ಬಿನ ತರಗು, ಅಂದರೆ ಕಟಾವಾದ ಮೇಲೆ ಗದ್ದೆಯಲ್ಲಿ ಉಳಿಯೋ ಒಣ ಎಲೆ, ಸುಡ್ತಾರೆ, ಅವರಿಗೆ ತಿಳುವಳಿಕೆ ಕೊಡಬೇಕು. ಹಿಂದೆ ಕೂತಿದ್ದ ರೈತರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನಾದರು.

ನಮ್ಮದು ಕಬ್ಬಿನ ಮನೆ ಅಂತ ಇಲ್ಲಿರೋ ಬಹುತೇಕರಿಗೆ ಗೊತ್ತು. ತರಗು ಸುಟ್ಟರೆ ಭೂಮಿ ಕೆಡುತ್ತೆ ಅಂತ ಗೊತ್ತಿಲ್ಲದ ರೈತನನ್ನ ನಾನು ನಮ್ಮ ನಾಲೆ ಬಯಲಲ್ಲಿ ಇವತ್ತಿನವರೆಗೂ ಕಂಡಿಲ್ಲ. ವಿ.ಸಿ. ಫಾರ್ಮ್ ಅನ್ನೋ ಕೃಷಿ ಸಂಶೋಧನಾ ಕೇಂದ್ರ ಇರೋ ಜಿಲ್ಲೆ ಇದು. ಕಬ್ಬಿನ ಬಗ್ಗೆ ಇಲ್ಲಿ ಯಾರೂ ಯಾರಿಗೂ ಅಆಇಈ ಹೇಳಿಕೊಡಬೇಕಾಗಿಲ್ಲ. ಕಳೆದ ಸಲ ಚಿಕ್ಕಪ್ಪನನ್ನ ಕೇಳಿದ್ದಕ್ಕೆ ಅವರು ಹೇಳಿದ್ದು ಇಷ್ಟೇ: "ಬೆಂಕಿ ಇಕ್ದೆ ಇನ್ನೇನ್ ಮಾಡ್ಲಿ ಮಗ? ಕೂಳೆ ಸವರೋಕೆ ಆಳು ಎಲ್ಲಿಂದ ತರ್ಲಿ?" ಕೂಳೆ ಅಂದರೆ ಕಡಿದ ಕಬ್ಬಿನ ಬುಡ, ಮುಂದಿನ ಬೆಳೆ ಅದರಿಂದಲೇ ಚಿಗುರೋದು.

ಅವರ ಮಾತಿನ ಹಿಂದೆ ಏನಿದೆ ಅಂತ ವೇದಿಕೆಯವರು ಒಂದು ಸಲ ಗದ್ದೆಗಿಳಿದು ನೋಡಬೇಕಿತ್ತು. ಕಬ್ಬು ಕಡೀರಿ ಅಂತ ಕಾರ್ಖಾನೆಯಿಂದ ಕಟಿಂಗ್ ಆರ್ಡರ್ ಬರೋದೇ ತಡವಾಗಿ. ಬಂದ ಮೇಲೆ ಕಡಿಯೋ ಗ್ಯಾಂಗಿಗೆ ಕಾಯಬೇಕು. ಅವರು ಕಡಿದು, ಹಸಿ ಸೋಗೆ ದನಗಳಿಗೆ ಹೋದ ಮೇಲೂ ಎಕರೆಗೆ ಮೂರ್ನಾಲ್ಕು ಟನ್ ಒಣ ತರಗು ಮೊಣಕಾಲುದ್ದ ಬಿದ್ದಿರುತ್ತೆ. ಅದರ ಮೇಲೆ ನೀರು ಹಾಯಿಸಿದರೆ ಸಾಲಲ್ಲಿ ಹರಿಯಲ್ಲ. ಅಡಿಯಲ್ಲಿ ಇಲಿ, ಇಲಿ ಹಿಂದೆ ಹಾವು. ಕೂಲಿಯವರು ಕಾಲಿಡಲ್ಲ. ಕೂಳೆ ಬೇಗ ಚಿಗುರಬೇಕು, ಗೊಬ್ಬರ ಬೀಳಬೇಕು. ಇಷ್ಟಕ್ಕೆಲ್ಲ ರೈತನ ಕೈಲಿರೋದು ಒಂದು ಬೆಂಕಿಪೊಟ್ಟಣ.

ದಾರಿ ಇಲ್ಲದೇ ಇಲ್ಲ. ಟ್ರ್ಯಾಕ್ಟರಿಗೆ ಕಟ್ಟಿ ತರಗನ್ನ ಪುಡಿ ಮಾಡೋ ಯಂತ್ರ ಬಂದಿದೆ. ಪುಡಿಯಾದ ತರಗು ಹೊದಿಕೆಯಾಗಿ ಬಿದ್ದರೆ ತೇವ ಉಳಿಯುತ್ತೆ, ಕಳೆ ಏಳಲ್ಲ. ಯಂತ್ರ ಇಲ್ಲದೆಯೂ ಸಾಲು ಬಿಟ್ಟು ಸಾಲಿಗೆ ತರಗು ಎಳೆದು ಹಾಕಬಹುದು, ಆದರೆ ಅದಕ್ಕೆ ಮತ್ತೆ ಆಳು ಬೇಕು. ಹಾಗಾಗಿ ಯಂತ್ರವೇ ಬೇಕು. ಅದಕ್ಕೆ ಲಕ್ಷಗಟ್ಟಲೆ ದುಡ್ಡು. ಎರಡು ಎಕರೆಯವನು ಕೊಳ್ಳೋದು ಸಾಧ್ಯವೇ ಇಲ್ಲ, ಬಾಡಿಗೆಗೆ ಸಿಗಬೇಕು. ನಮ್ಮ ಕಡೆಯ ಬಾಡಿಗೆ ಕೇಂದ್ರದಲ್ಲಿ ನೇಗಿಲು, ರೋಟವೇಟರ್ ಇದೆ. ಇದು ಇಲ್ಲ.

ಸಭೆ ಮುಗಿದ ಮೇಲೆ ಒಬ್ಬ ಹುಡುಗ ನನ್ನ ಹತ್ತಿರ ಬಂದು ವಾದ ಮಾಡಿದ. ತರಗಿನಲ್ಲಿರೋ ಇಂಗಾಲ ಕಬ್ಬು ಈ ವರ್ಷ ಗಾಳಿಯಿಂದಲೇ ಎಳಕೊಂಡಿದ್ದು, ಸುಟ್ಟರೆ ಅಲ್ಲಿಗೇ ವಾಪಸ್ ಹೋಗುತ್ತೆ, ಕಲ್ಲಿದ್ದಲು ಸುಟ್ಟ ಹಾಗಲ್ಲ ಅಂತ. ಅವನು ಹೇಳಿದ್ದರಲ್ಲಿ ಅರ್ಧ ಸರಿ. ಆದರೆ ಬೆಂಕಿಯಲ್ಲಿ ಹೋಗೋದು ಇಂಗಾಲದ ಡೈಆಕ್ಸೈಡ್ ಒಂದೇ ಅಲ್ಲ. ಮಸಿ ಏಳುತ್ತೆ, ಮೀಥೇನ್ ಏಳುತ್ತೆ, ನೈಟ್ರಸ್ ಆಕ್ಸೈಡ್ ಏಳುತ್ತೆ. ಈ ಕೊನೆಯದು ನೂರು ವರ್ಷದ ಲೆಕ್ಕದಲ್ಲಿ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಬಿಸಿ ಹಿಡಿಯುತ್ತೆ. ಮಣ್ಣಿಗೆ ಸೇರಬೇಕಿದ್ದ ಇಂಗಾಲ ಮಣ್ಣಿಗೆ ಸೇರಲ್ಲ. ಎಕರೆ ತರಗಿನಲ್ಲಿ ಹೆಚ್ಚುಕಡಿಮೆ 12ರಿಂದ 15 ಕೆಜಿ ಸಾರಜನಕ ಇರುತ್ತೆ, ಅದರಲ್ಲಿ ಬಹುಪಾಲು ಹೊಗೆಯಲ್ಲಿ ಹೋಗುತ್ತೆ. 45 ಕೆಜಿ ಯೂರಿಯಾ ಮೂಟೆಯಲ್ಲಿರೋ ಸಾರಜನಕವೇ 20 ಕೆಜಿ. ಗದ್ದೆಯಲ್ಲಿದ್ದ ಗೊಬ್ಬರ ಸುಟ್ಟು, ನೈಸರ್ಗಿಕ ಅನಿಲ ಉರಿಸಿ ತಯಾರಿಸಿದ ಗೊಬ್ಬರಕ್ಕೆ ಸೊಸೈಟಿ ಮುಂದೆ ಕ್ಯೂ ನಿಲ್ಲೋ ಗತಿ ನಮ್ಮದು.

ಬೆಂಕಿ ಇಡೋರ ಪರ ಇವಳು ಮಾತಾಡ್ತಾಳೆ ಅಂತ ಯಾರೂ ಅಂದುಕೋಬೇಡಿ. ನಮ್ಮವ್ವನಿಗೆ ದಮ್ಮು ಇದೆ. ಕಟಾವಿನ ತಿಂಗಳುಗಳಲ್ಲಿ ಸಂಜೆಯಾದರೆ ಕಿಟಕಿ ಮುಚ್ಚಿ ಕೂರಿಸ್ತೀವಿ, ಆದರೂ ರಾತ್ರಿಯೆಲ್ಲ ಎದ್ದು ಕೂತಿರ್ತಾಳೆ. ಆ ಹೊಗೆ ನಿಲ್ಲಬೇಕು ಅಂತ ನನಗಿರೋ ಆಸೆ ಆ ವೇದಿಕೆ ಮೇಲಿದ್ದ ಯಾರಿಗೂ ಇರೋಕೆ ಸಾಧ್ಯವಿಲ್ಲ. ಅದಕ್ಕೇ ಬರೀ ತಿಳುವಳಿಕೆಯ ಮಾತು ಕೇಳಿದರೆ ಮೈ ಉರಿಯುತ್ತೆ.

ಪಂಜಾಬ್, ಹರಿಯಾಣದ ಭತ್ತದ ಹುಲ್ಲಿಗೆ ಕೇಂದ್ರ ಸರ್ಕಾರ 2018ರಲ್ಲಿ ಯೋಜನೆಯನ್ನೇ ತಂದಿತು. ಹುಲ್ಲು ಸುಡದೆ ಬಿತ್ತನೆ ಮಾಡೋ ಯಂತ್ರ ಕೊಳ್ಳೋ ರೈತನಿಗೆ ಅರ್ಧ ದುಡ್ಡು, ರೈತರ ಸಹಕಾರ ಸಂಘಗಳಿಗೆ ಶೇ. 80ರಷ್ಟು ಸಹಾಯಧನ. ಅಲ್ಲಿ ಸುಡೋದು ಪೂರ್ತಿ ನಿಂತಿದೆ ಅಂತಲ್ಲ, ಆದರೆ ರೈತನ ಕೈಗೆ ಬೆಂಕಿಪೊಟ್ಟಣ ಬಿಟ್ಟು ಬೇರೆ ಏನೋ ಬಂತು. ಆ ಹೊಗೆ ದೆಹಲಿಗೆ ಹೋಗುತ್ತೆ. ನಮ್ಮ ಹೊಗೆ ನಮ್ಮೂರ ಮೇಲೇ ಕೂರುತ್ತೆ, ನಮ್ಮ ಅವ್ವಂದಿರ ಎದೆಯಲ್ಲಿ ಕೂರುತ್ತೆ. ಹಾಗಂತ ನಮಗೆ ಬರೀ ಭಾಷಣ ಸಾಕಾ?

ಭಾರತದಲ್ಲಿ ಒಬ್ಬ ಮನುಷ್ಯನ ಪಾಲಿನ ಹೊರಸೂಸುವಿಕೆ ವರ್ಷಕ್ಕೆ ಸುಮಾರು ಎರಡು ಟನ್ ಡೈಆಕ್ಸೈಡ್, ಅಮೆರಿಕದವನದ್ದು ಅದರ ಆರೇಳು ಪಟ್ಟು. ಈ ಲೆಕ್ಕ ಹಿಡಿದು ನಾವೇನೂ ಮಾಡಬೇಕಾಗಿಲ್ಲ ಅನ್ನೋರ ಜೊತೆಗೂ ನಾನಿಲ್ಲ. ನಮ್ಮ ಗದ್ದೆ ನಮ್ಮದೇ. ಆದರೆ ಕಡಿಮೆ ಮಾಡು ಅಂತ ಹೇಳೋರು ಮಾಡೋಕೆ ಬೇಕಾದ್ದನ್ನೂ ಕೊಡಬೇಕು. ಕಾರ್ಖಾನೆ ಕಬ್ಬು ಕಡಿಸೋಕೆ ಗ್ಯಾಂಗ್ ಕಳಿಸುತ್ತಲ್ಲ, ಅದರ ಹಿಂದೆಯೇ ತರಗಿನ ಯಂತ್ರವನ್ನೂ ಕಳಿಸಲಿ. ಬಾಡಿಗೆಯನ್ನ ಕಬ್ಬಿನ ಬಿಲ್ಲಿನಲ್ಲಿ ಹಿಡಿದುಕೊಳ್ಳಲಿ, ಸರ್ಕಾರ ಅರ್ಧ ತುಂಬಲಿ. ನಮ್ಮ ಚಿಕ್ಕಪ್ಪ ಒಪ್ತಾರೆ, ಕೇಳಿದ್ದೀನಿ.

ನಿಮ್ಮೂರ ಸೊಸೈಟಿಯಲ್ಲೋ, ಯಾರಾದರೂ ರೈತರ ಹತ್ತಿರವೋ ಈ ಯಂತ್ರ ಇದ್ದರೆ ಬಾಡಿಗೆ ಎಷ್ಟು, ದಿನಕ್ಕೆ ಎಷ್ಟು ಎಕರೆ ಆಗುತ್ತೆ ಅಂತ ಕೆಳಗೆ ಬರೀರಿ. ಅದನ್ನೆಲ್ಲ ಒಟ್ಟು ಮಾಡಿ ಜಿಲ್ಲಾ ಪಂಚಾಯಿತಿಗೆ ಅರ್ಜಿ ಕೊಡ್ತೀನಿ. ಜೊತೆಗೆ ಬರೋರು ಹೆಸರು ಹೇಳಿ.