ಎಸಿ ಗ್ಯಾಸ್ ತುಂಬಿಸುವ ಮೊದಲು, ಇದ್ದ ಗ್ಯಾಸ್ ಎಲ್ಲಿ ಹೋಯ್ತು ಅಂತ ಕೇಳಿ

ಕಾರಿನ ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಗ್ಯಾಸನ್ನು ಒತ್ತುವ ಕಂಪ್ರೆಸರ್, ಗಾಡಿಯ ಮುಂಭಾಗದಲ್ಲಿದ್ದು ಬಿಸಿ ಹೊರಹಾಕುವ ಕಂಡೆನ್ಸರ್, ಡ್ಯಾಶ್‌ಬೋರ್ಡ್ ಒಳಗೆ ಗಾಳಿ ತಂಪು ಮಾಡುವ ಕಾಯಿಲ್, ಇವುಗಳ ಮೂಲಕ ಮುಚ್ಚಿದ ಪೈಪಿನೊಳಗೇ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ರಬ್ಬರ್ ಪೈಪು, ಸೀಲುಗಳಿಂದ ಸ್ವಲ್ಪ ಸ್ವಲ್ಪ ಜಿನುಗುವುದು ಸಹಜ. ಆದರೆ ಪ್ರತಿ ಬೇಸಿಗೆಗೂ ಗ್ಯಾಸ್ ಬೇಕು ಅಂದರೆ ಅದು ಸಹಜ ಅಲ್ಲ, ತೂತು.

ವಿಜಯಪುರದಲ್ಲಿ ಏಪ್ರಿಲ್, ಮೇ ಅಂದರೆ 40 ಡಿಗ್ರಿ ದಾಟುವ ಬಿಸಿಲು. ಬೆಳಗಾವಿಯವರಿಗೆ ಈ ಕಷ್ಟ ಅಷ್ಟಾಗಿ ತಿಳಿಯಲ್ಲ ಬಿಡಿ. ಬಾಗಲಕೋಟೆಯಲ್ಲಿರುವ ಅಕ್ಕನ ಮಗ ಮೊನ್ನೆ ಫೋನ್ ಮಾಡಿದ್ದ. "ಮಾವಾ, ಆನ್‌ಲೈನ್‌ನ್ಯಾಗ ಗ್ಯಾಸ್ ಡಬ್ಬಿ, ಪೈಪು, ಮೀಟರು ಎಲ್ಲಾ ಕೂಡೇ ಬರ್ತೈತಿ. ಮನ್ಯಾಗ ಹಾಕ್ಕೊಂಡ್ರ ಆತಿಲ್ಲೋ? ಗ್ಯಾರೇಜಿಗೆ ಯಾಕ ಸುಮ್ನ ರೊಕ್ಕ ಸುರೀಬೇಕು?"

ಅವನ ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಹುಡುಗ ವಿಡಿಯೋ ನೋಡಿದ್ದಾನೆ. ಆ ವಿಡಿಯೋಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಕಾರಿನ ಎಸಿಗೆ ಹಾಕುವ ಆರ್-134ಎ ಅನ್ನೋ ಗ್ಯಾಸಿನ ಸಣ್ಣ ಡಬ್ಬಿ ಅಂಗಡಿಯಲ್ಲೇ ಸಿಗುತ್ತದೆ. 2018ರಿಂದ ಆ ಡಬ್ಬಿಯ ಬಾಯಿ ತಾನಾಗಿಯೇ ಮುಚ್ಚಿಕೊಳ್ಳುವಂತಿರಬೇಕು ಅನ್ನೋ ನಿಯಮವೂ ಇದೆ. ಯಾಕೆ ಅಂದರೆ ಈ ಗ್ಯಾಸ್ ಗಾಳಿಗೆ ಸೇರಿದರೆ, ನೂರು ವರ್ಷದ ಲೆಕ್ಕದಲ್ಲಿ ಒಂದು ಕಿಲೋ ಸುಮಾರು 1,400 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಸೋರುವ ಕಾರಿಗೆ ಮತ್ತೆ ಮತ್ತೆ ಗ್ಯಾಸ್ ಹಾಕುವುದು ಅಂದರೆ ರೊಕ್ಕ ಕೊಟ್ಟು ಅದನ್ನು ಗಾಳಿಗೆ ಬಿಟ್ಟ ಹಾಗೇ ಅಲ್ವಾ?

ನಾನು ಅವನಿಗೆ ಕೇಳಿದ್ದು ಒಂದೇ. ಕೂಲಿಂಗ್ ಯಾವಾಗ ಬರಲ್ಲ? ಹೈವೇಯಲ್ಲಿ ಚೆನ್ನಾಗಿ ಬರುತ್ತೆ, ಸಿಗ್ನಲ್‌ನಲ್ಲಿ ನಿಂತರೆ ಬಿಸಿ ಗಾಳಿ ಅಂದ. ಬಾನೆಟ್ ತೆಗೆದು, ಎಸಿ ಹಾಕಿ, ಮುಂದಿನ ಫ್ಯಾನ್ ತಿರುಗುತ್ತಾ ನೋಡು, ಆದರೆ ಕೈ ಮಾತ್ರ ದೂರ ಇಡು ಅಂದೆ. ತಿರುಗುತ್ತಿರಲಿಲ್ಲ. ಫ್ಯೂಸ್ ಹೋಗಿತ್ತು! ಗಾಡಿ ಓಡುವಾಗ ಎದುರುಗಾಳಿಯೇ ಕಂಡೆನ್ಸರನ್ನು ತಣ್ಣಗೆ ಮಾಡುತ್ತಿತ್ತು, ನಿಂತಾಗ ಫ್ಯಾನ್ ಬೇಕಿತ್ತು, ಅಷ್ಟೇ. ಫ್ಯಾನ್ ಇಲ್ಲದೆ ಪ್ರೆಶರ್ ಮೊದಲೇ ಏರಿರುತ್ತದೆ. ಅದರ ಮೇಲೆ ಇನ್ನಷ್ಟು ಗ್ಯಾಸ್ ತುಂಬಿದ್ದರೆ ಕಂಪ್ರೆಸರ್ ಗತಿ ಏನಾಗ್ತಿತ್ತೋ.

ಡಬ್ಬಿಯ ಜೊತೆ ಬರುವ ಮೀಟರ್ ಬಗ್ಗೆ ಸ್ವಲ್ಪ ಹೇಳಲೇಬೇಕು. ಮುಳ್ಳು ಹಸಿರು ಪಟ್ಟಿಗೆ ಬಂದರೆ ಗ್ಯಾಸ್ ಸರಿ ಇದೆ ಅಂದುಕೊಳ್ಳುತ್ತಾರೆ. ಆದರೆ ಆ ಮೀಟರ್ ತೋರಿಸುವುದು ಒತ್ತಡ, ತೂಕ ಅಲ್ಲ. ಎಂಜಿನ್ ಬಂದ್ ಇದ್ದಾಗ 30 ಡಿಗ್ರಿಯಲ್ಲಿ ಅದು ಸುಮಾರು 97 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಅದೇ ಅಳತೆ) ತೋರಿಸುತ್ತದೆ, 40 ಡಿಗ್ರಿಯಲ್ಲಿ 130ರ ಮೇಲೆ. ಒಳಗೆ 200 ಗ್ರಾಂ ಇರಲಿ, 400 ಗ್ರಾಂ ಇರಲಿ, ಸ್ವಲ್ಪ ದ್ರವ ಉಳಿದಿದ್ದರೆ ಸಾಕು, ಅಂಕಿ ಅದೇ. ಎಂಜಿನ್ ಚಾಲೂ ಮಾಡಿದಾಗಲೂ ಹೊರಗಿನ ಬಿಸಿಲು, ಬ್ಲೋವರ್ ಸ್ಪೀಡು, ಕಂಡೆನ್ಸರಿನ ಧೂಳು ಎಲ್ಲವೂ ಮುಳ್ಳನ್ನು ಅಲ್ಲಾಡಿಸುತ್ತವೆ. ಸಣ್ಣ ಕಾರಿಗೆ ಒಟ್ಟು ಹಿಡಿಸುವುದೇ 400 ಗ್ರಾಂ ಆಸುಪಾಸು. ಅಂದಾಜಿನ ಮೇಲೆ ನೂರು ಗ್ರಾಂ ಜಾಸ್ತಿ ಹೋದರೂ ಕೂಲಿಂಗ್ ಇನ್ನೂ ಕಡಿಮೆ ಆಗುತ್ತದೆ.

ಗ್ಯಾಸ್ ಪೂರ್ತಿ ಸೋರಿ ಒಳಗೆ ಗಾಳಿ ಸೇರಿದ್ದರಂತೂ ಡಬ್ಬಿಯ ಮಾತೇ ಬೇಡ. ಗಾಳಿಯ ಜೊತೆ ತೇವವೂ ಹೋಗಿರುತ್ತದೆ, ಕಂಪ್ರೆಸರಿನ ಎಣ್ಣೆ ಅದನ್ನು ಹೀರಿಕೊಳ್ಳುತ್ತದೆ. ಪಂಪ್ ಹಚ್ಚಿ ವ್ಯಾಕ್ಯೂಮ್ ಮಾಡಿ ಅದನ್ನು ತೆಗೆಯಬೇಕು. ಸೋರಿಕೆ ಮುಚ್ಚುತ್ತೇವೆ ಅಂತ ಅಂಟು ಬೆರೆಸಿದ ಡಬ್ಬಿಗಳೂ ಬರುತ್ತವೆ. ಅದನ್ನು ಹಾಕಿದ ಗಾಡಿಯನ್ನು ಆಮೇಲೆ ಎಷ್ಟೋ ಗ್ಯಾರೇಜಿನವರು ತಮ್ಮ ಯಂತ್ರಕ್ಕೆ ಜೋಡಿಸಲು ಒಪ್ಪುವುದಿಲ್ಲ. ಇನ್ನು ಈ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು. ಕಣ್ಣಿಗೆ ಸಿಡಿದರೆ ತಮಾಷೆ ಅಲ್ಲ.

ಹಾಗಂತ ಗ್ಯಾರೇಜಿನವರೆಲ್ಲ ಸತ್ಯವಂತರು ಅಂತ ನಾನು ಹೇಳಲ್ಲ. ನಮ್ಮೂರಿನ ಒಂದು ಗ್ಯಾರೇಜಿನಲ್ಲಿ ಬಾನೆಟ್ ತೆಗೆಯುವ ಮೊದಲೇ "ಗ್ಯಾಸ್ ಹೋಗೈತ್ರಿ ಸಾಹೇಬ್ರ, ಹಾಕಿಬಿಡ್ತೀನ್ರಿ" ಅಂದಿದ್ದರು. ಇದೂ ಡಬ್ಬಿಯೇ, ಹಾಕುವ ಕೈ ಮಾತ್ರ ಬೇರೆ. ಜನ ಆನ್‌ಲೈನ್ ಕಡೆ ಹೋಗುವುದು ಇಂಥವರಿಂದಲೇ. ಬೇರೊಂದು ಕಡೆ ಹೋದಾಗ ಒಬ್ಬ ಹಿರಿಯ ಮೇಸ್ತ್ರಿ ಟಾರ್ಚ್ ಹಿಡಿದು ಬಗ್ಗಿ, ಪೈಪು ಕಂಡೆನ್ಸರಿಗೆ ಸೇರುವ ಜಾಗಕ್ಕೆ ಬೆರಳು ಒತ್ತಿ ತೋರಿಸಿದರು. ಬೆರಳ ತುದಿಗೆ ಕಪ್ಪು ಜಿಡ್ಡು. ಗ್ಯಾಸಿನ ಜೊತೆ ಎಣ್ಣೆಯೂ ಹೊರಬಂದು, ಅದಕ್ಕೆ ಧೂಳು ಮೆತ್ತಿಕೊಂಡಿತ್ತು. ಪೈಪಿನ ಜೋಡಣೆಯಲ್ಲಿರುವ ಒಂದು ಸಣ್ಣ ರಬ್ಬರ್ ಬಳೆ, ಓ-ರಿಂಗ್, ಹಾಳಾಗಿತ್ತು, ಅಷ್ಟೇ!

ಮನೆಯಲ್ಲೇ ಏನಾದರೂ ಮಾಡಬೇಕು ಅನ್ನೋ ಹುಮ್ಮಸ್ಸಿದ್ದರೆ ಕಂಡೆನ್ಸರ್ ತೊಳೆಯಿರಿ. ನಮ್ಮ ಕಡೆ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಓಡಿಸಿದವರ ಗಾಡಿಯಲ್ಲಿ ರವದಿ (ಕಬ್ಬಿನ ಒಣ ಎಲೆ) ಚೂರು, ಧೂಳು, ಹುಳ ಎಲ್ಲ ಅದರಲ್ಲೇ ಸಿಕ್ಕಿಕೊಂಡಿರುತ್ತದೆ. ಎಂಜಿನ್ ಆರಿದ ಮೇಲೆ ಸಣ್ಣ ಧಾರೆಯಲ್ಲಿ ನೀರು ಬಿಡಿ. ಪ್ರೆಶರ್ ವಾಷ್ ಬೇಡ, ಕಂಡೆನ್ಸರಿನ ತೆಳ್ಳನೆ ತಗಡಿನ ರೆಕ್ಕೆಗಳು ಮಡಚಿಹೋಗುತ್ತವೆ. ಕ್ಯಾಬಿನ್ ಫಿಲ್ಟರ್ ಇದ್ದರೆ ತೆಗೆದು ನೋಡಿ. ಹೊರಗಿನ ಗಾಳಿ ಎಳೆಯುವ ಬಟನ್ ಬಂದ್ ಮಾಡಿ ಒಳಗಿನ ಗಾಳಿಯನ್ನೇ ತಿರುಗಿಸಿ. ಎಷ್ಟೋ ಗಾಡಿಗಳಲ್ಲಿ ಇಷ್ಟರಲ್ಲೇ ಫರಕು ಗೊತ್ತಾಗುತ್ತದೆ.

ಗ್ಯಾರೇಜಿಗೆ ಹೋದರೆ ಮೊದಲು ಲೀಕೇಜ್ ಹುಡುಕಿ ಅನ್ನಿ. ಆಮೇಲೆ ವ್ಯಾಕ್ಯೂಮ್ ಮಾಡಿ, ಪಂಪ್ ಬಂದ್ ಮಾಡಿದ ಮೇಲೂ ವ್ಯಾಕ್ಯೂಮ್ ಹಾಗೇ ಉಳಿಯುತ್ತಾ ಅಂತ ನಿಮ್ಮ ಕಣ್ಣೆದುರೇ ತೋರಿಸಲಿ. ಗ್ಯಾಸನ್ನು ತೂಕ ಮಾಡಿ ಹಾಕಲಿ. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕರ್ ಮೇಲೆ ಬರೆದಿರುತ್ತದೆ. ಹೋಗುವ ಮೊದಲೇ ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಟ್ಟುಕೊಳ್ಳಿ.