ಬೋಲ್ಟ್ ಬಿಗಿದರೆ ಗೇರ್‌ಬಾಕ್ಸ್ ಕೂರುತ್ತೆ ಅನ್ನೋದು ತಪ್ಪು

ಲಾರಿ ಗೇರ್‌ಬಾಕ್ಸನ್ನು ಮನೆ ಅಂಗಳದಲ್ಲಿ ಒಬ್ಬರೇ ಏರಿಸಬಹುದು, ಕೊನೆಯ ಅರ್ಧ ಇಂಚು ಕೂರದಿದ್ದರೆ ಬೋಲ್ಟ್ ಬಿಗಿ ಮಾಡಿ, ತಾನೇ ಒಳಗೆ ಹೋಗುತ್ತೆ ಅಂತ ಒಂದು ಸಲಹೆ ಓಡಾಡುತ್ತಿದೆ. ಮೊದಲ ಮಾತು ಅರ್ಧ ನಿಜ. ಎರಡನೆಯದು ಪೂರ್ತಿ ತಪ್ಪು.

ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟ್ (ಮುಂದೆ ಚಾಚಿದ ದಂಡ) ಕ್ಲಚ್ ಪ್ಲೇಟಿನ ನಡುವಿನ ಹಲ್ಲುಗಳ ಮೂಲಕ ಹಾದು, ಎಂಜಿನ್ ಹಿಂದಿನ ಭಾರದ ಚಕ್ರವಾದ ಫ್ಲೈವೀಲಿನ ನಡುವೆ ಇರುವ ಪೈಲಟ್ ಬೇರಿಂಗ್ ಒಳಗೆ ಕೂರಬೇಕು. ಎಲ್ಲ ಸರಿಯಿದ್ದರೆ ಕೈಯಲ್ಲಿ ತಳ್ಳಿದರೇ ಸಾಕು, ಹೌಸಿಂಗ್ (ಗೇರ್‌ಬಾಕ್ಸಿನ ಹೊರಕವಚ) ಎಂಜಿನ್ನಿಗೆ ತಾಗುತ್ತದೆ. ನಡುವೆ ನಿಂತಿತು ಅಂದರೆ ಏನೋ ಅಡ್ಡ ಬಂದಿದೆ. ಆಗ ಬೋಲ್ಟ್ ಎಳೆದರೆ ಹೌಸಿಂಗಿನಲ್ಲಿ ಬೋಲ್ಟ್ ಕೂರುವ ಕಿವಿ ಸೀಳುತ್ತೆ, ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ (ಹಬ್) ಬಾಗುತ್ತೆ. ಆಮೇಲೆ ಪೆಡಲ್ ಒತ್ತಿದರೂ ಕ್ಲಚ್ ಪೂರ್ತಿ ಬಿಡಲ್ಲ, ಗೇರ್ ಕಿರುಚುತ್ತೆ.

ಮೊದಲು ಹೌಸಿಂಗ್ ಮತ್ತು ಎಂಜಿನ್ ನಡುವಿನ ಸಂದಿ ನೋಡಿ. ಮೇಲೆ ಜಾಸ್ತಿ, ಕೆಳಗೆ ಕಡಿಮೆ ಇದ್ದರೆ ಜಾಕ್ ಕೋನ ಸರಿ ಮಾಡಿ. ಸುತ್ತ ಒಂದೇ ಸಮ ಇದ್ದರೆ ಗೇರಿಗೆ ಹಾಕಿ, ಹಿಂದಿನ ಯೋಕನ್ನು (ಪ್ರೊಪೆಲ್ಲರ್ ಶಾಫ್ಟ್ ಜೋಡಿಸುವ ತುದಿ) ಚೂರು ತಿರುಗಿಸಿ. ಹಲ್ಲು ಸೇರುತ್ತೆ. ಎರಡು ಪ್ಲೇಟಿನ ಕ್ಲಚ್ ಆದರೆ ಹಳೆಯ ಇನ್‌ಪುಟ್ ಶಾಫ್ಟನ್ನೋ ಅದೇ ಅಳತೆಯ ಶಾಫ್ಟನ್ನೋ ತೂರಿಸಿ, ಎರಡನ್ನೂ ಒಂದೇ ಸಾಲಿಗೆ ತಂದೇ ಬಿಗಿದಿರಬೇಕು. ಅದು ತಪ್ಪಿದ್ದರೆ ಎಷ್ಟು ತಿರುಗಿಸಿದರೂ ಸುಮ್ನೆ. ತಲೆ ಕತ್ತರಿಸಿದ ಎರಡು ಉದ್ದ ಬೋಲ್ಟನ್ನು ದಾರಿ ತೋರಿಸಲು ಎಂಜಿನ್ ಕಡೆಯ ತೂತುಗಳಿಗೆ ಮೊದಲೇ ಹಾಕಿಕೊಂಡರೆ ಅರ್ಧ ಪರದಾಟ ತಪ್ಪುತ್ತೆ.

ಇನ್ನು ಒಬ್ಬರೇ ಮಾಡುವ ವಿಷಯ. ಈಟನ್ ಫುಲ್ಲರ್ ಬ್ರ್ಯಾಂಡಿನ 10 ಸ್ಪೀಡ್ ಲಾರಿ ಗೇರ್‌ಬಾಕ್ಸ್ ಸುಮಾರು 300 ಕೆಜಿ. ಕಾರಿನ ಟ್ರಾಲಿ ಜಾಕಿನ ಪುಟ್ಟ ತಟ್ಟೆ ಮೇಲೆ ಅದು ನಿಲ್ಲಲ್ಲ, ವಾಲುತ್ತೆ. ಚೈನ್ ಇರುವ ಟ್ರಾನ್ಸ್‌ಮಿಷನ್ ಜಾಕ್, ಗಟ್ಟಿ ಕಾಂಕ್ರೀಟ್ ನೆಲ, ಚಕ್ರಕ್ಕೆ ಅಡ್ಡಗಟ್ಟೆ ಇದ್ದರೆ ಮಾತ್ರ ಯೋಚಿಸಿ. ಆಗಲೂ ಕೂಗಿದರೆ ಕೇಳಿಸುವಷ್ಟು ಹತ್ತಿರ ಯಾರಾದರೂ ಇರಲಿ.