ಹರಟಿ ಹೊಡ್ಯಾಕತ್ತಾರಂತ!

ನಿನ್ನೆಯಿಂದ ತಲೆ ಕಾದಿದೆ. ಇಲ್ಲಿ ಬರೆದು ಇಳಿಸಿಕೊಳ್ಳುತ್ತೇನೆ, ಸಹಿಸಿಕೊಳ್ಳಿ.

ನವನಗರದ ಕಾಲೇಜೊಂದಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ನಡೆಸಲು ಹೋಗಿದ್ದೆ. ವರಾಂಡದ ಕಟ್ಟೆಯ ಮೇಲೆ ಎರಡನೇ ವರ್ಷದ ಹುಡುಗಿಯೊಬ್ಬಳು ಇಬ್ಬರು ಹೊಸ ಹುಡುಗರನ್ನು ಕೂಡಿಸಿಕೊಂಡು ಫಿಸಿಕ್ಸ್ ಹೇಳಿಕೊಡುತ್ತಿದ್ದಳು.

"ಕಬ್ಬಿನ ಟ್ರ್ಯಾಕ್ಟರ್ ಬಂದು ನಿಂತ ಲೂನಾಕ್ಕ ಗುದ್ದಿತು. ಯಾವುದರ ಮ್ಯಾಲ ಫೋರ್ಸ್ ಹೆಚ್ಚು?"

"ಲೂನಾದ ಮ್ಯಾಲ ಅಕ್ಕಾ! ಚಟ್ನಿ ಆಗಿರ್ತೈತಲ್ಲ."

"ಚಟ್ನಿ ಆಗೂದು ಬ್ಯಾರೆ, ಫೋರ್ಸ್ ಬ್ಯಾರೆ. ಎರಡರ ಮ್ಯಾಲೂ ಅಷ್ಟಕ್ಕಷ್ಟೇ. ಲೂನಾ ಹಗುರ, ಅದಕ್ಕ ಅದರ ವೇಗ ಒಮ್ಮೆಲೆ ಏರಿ ಹಾರಿ ಬೀಳ್ತೈತಿ. ಸಾಲ್ಯಾಗ ವೇಗೋತ್ಕರ್ಷ ಓದಿಲ್ಲೇನ? ಅದಽ ಇದು, ಆಕ್ಸಲರೇಷನ್."

ಹುಡುಗನ ಮುಖ ನೋಡಬೇಕಿತ್ತು! ಎಸ್ಸೆಸ್ಸೆಲ್ಸಿಯವರೆಗೆ ಕನ್ನಡದಲ್ಲಿ ಓದಿ ಬಂದವನಿಗೆ ವೇಗೋತ್ಕರ್ಷ ಮತ್ತು ಆಕ್ಸಲರೇಷನ್ ಒಂದೇ ಅಂತ ಹೇಳಲು ಎರಡು ವರ್ಷದ ಪಿಯುಸಿಯಲ್ಲಿ ಯಾರಿಗೂ ಪುರಸೊತ್ತಾಗಿರಲಿಲ್ಲ. ಹೋದ ವರ್ಷ ತಾನೂ ಅಲ್ಲೇ ಎಡವಿದ್ದಳೇನೋ, ಆಕೆಗೆ ಅದು ನೆನಪಿದೆ. ನಮಗೆ, ಅಂದರೆ ಸಂಬಳ ತಗೊಳ್ಳುವವರಿಗೆ, ಎಲ್ಲಿ ಎಡವಿದ್ದೆವು ಅನ್ನುವುದೇ ಮರೆತುಹೋಗಿದೆ.

ಅಷ್ಟರಲ್ಲಿ ಹಿರಿಯ ಸರ್ ಬಂದರು. "ಏ, ಇಲ್ಲೇನ್ ಹರಟಿ ಹೊಡ್ಯಾಕತ್ತೀರಿ? ಲೈಬ್ರರಿಗೆ ನಡೀರಿ!"

ಲೈಬ್ರರಿಯ ಬಾಗಿಲಿಗೆ 'ಮಾತನಾಡಬಾರದು' ಅಂತ ಬೋರ್ಡು ಹಾಕಿದ್ದಾರೆ.

ಹರಟೆಯಂತೆ! 1990ರ ಸುಮಾರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಸಿಕ್ಸ್ ಮೇಷ್ಟ್ರು ಎರಿಕ್ ಮಜೂರ್ ತನ್ನ ವಿದ್ಯಾರ್ಥಿಗಳಿಗೆ ಇಂಥವೇ ಸಾದಾ ಪ್ರಶ್ನೆ ಕೇಳಿ ಬೆಚ್ಚಿಬಿದ್ದ. ದೊಡ್ಡ ದೊಡ್ಡ ಲೆಕ್ಕ ಬಿಡಿಸುವವರು ಇಲ್ಲಿ ತಪ್ಪುತ್ತಿದ್ದರು. ಕೊನೆಗೆ ಪಾಠ ನಿಲ್ಲಿಸಿ, ಪ್ರಶ್ನೆ ಕೊಟ್ಟು, ಒಬ್ಬೊಬ್ಬರಿಂದಲೂ ಉತ್ತರ ಪಡೆದು, ಪಕ್ಕದವರ ಜೊತೆ ವಾದ ಮಾಡಿ ಅಂದ. ಆಮೇಲೆ ಮತ್ತೊಮ್ಮೆ ಉತ್ತರ ಕೇಳಿದರೆ ಸರಿ ಹೇಳುವವರು ಹೆಚ್ಚಾಗಿರುತ್ತಿದ್ದರು. ಅದಕ್ಕೂ 200 ವರ್ಷ ಹಿಂದೆ ಮದ್ರಾಸಿನಲ್ಲಿ ಆಂಡ್ರೂ ಬೆಲ್ ಎಂಬ ಪಾದ್ರಿ, ಉಸುಕಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುವ ನಮ್ಮ ಮಕ್ಕಳನ್ನು ನೋಡಿ, ಮಕ್ಕಳಿಂದಲೇ ಮಕ್ಕಳಿಗೆ ಕಲಿಸುವ ಪದ್ಧತಿಯನ್ನು ಇಂಗ್ಲೆಂಡಿಗೆ ಹೊತ್ತೊಯ್ದ. ಅಲ್ಲಿ ಅದು 'ಮದ್ರಾಸ್ ಪದ್ಧತಿ'. ನಮ್ಮಲ್ಲಿ ಹರಟಿ.

"ಹುಡುಗರು ತಪ್ಪು ಕಲಿಸಿದರೆ ಯಾರು ಹೊಣೆ ಮೇಡಂ?" ಅಂತ ಸ್ಟಾಫ್ ರೂಮಿನಲ್ಲಿ ಕೇಳಿದರು. ಕಲಿಸಲಿ ಬಿಡ್ರಿ, ತಿದ್ದಲಿಕ್ಕೆ ನಾವಿಲ್ಲವೇ? ಮಜೂರ್ ಕೂಡ ಕೊನೆಗೆ ತಾನೇ ಬಿಡಿಸಿ ಹೇಳುತ್ತಿದ್ದ. ತಪ್ಪು ಕಲಿಸುವ ಗುತ್ತಿಗೆ ನಾವೇ ಹಿಡಿದಿದ್ದೇವೋ ಏನೋ! ಬಿಎಸ್‌ಸಿಯಲ್ಲಿ ಇಂಟಿಗ್ರೇಷನ್ ಅಂದರೆ ನಾನು ಅಳುತ್ತಿದ್ದುದು ನನ್ನ ಹಾಸ್ಟೆಲ್ ಗೆಳತಿಯರಿಗೆ ಗೊತ್ತು. ಪಾಸಾಗಿದ್ದು ಇಳಕಲ್ಲಿನ ರೂಂಮೇಟ್ ರಾತ್ರಿ ಮಾಳಿಗೆ ಮೇಲೆ ಕೂಡಿಸಿಕೊಂಡು ಹೇಳಿದ್ದಕ್ಕೆ. ಆಕೆಯೂ ಆಗಾಗ ತಪ್ಪುತ್ತಿದ್ದಳು, ಆ ತಪ್ಪು ಹುಡುಕುತ್ತಲೇ ನನಗೆ ಲೆಕ್ಕ ಬಂತು.

ಇಷ್ಟೆಲ್ಲ ಇಲ್ಲಿ ಒದರುತ್ತಿದ್ದೇನಲ್ಲ, ವರಾಂಡದಲ್ಲಿ ಏನು ಮಾಡಿದೆ ಗೊತ್ತೇ? ಸರ್ ಕಡೆ ನೋಡಿ ಹಲ್ಲು ಕಿರಿದೆ. ನನ್ನ ಟಿಎ (ಪ್ರಯಾಣ ಭತ್ಯೆ) ಬಿಲ್ಲಿಗೆ ಅವರ ಸಹಿ ಆಗಬೇಕಿತ್ತು.